ಮೂರು ಅಂಕದ ಸ್ವಾರಸ್ಯ

ಕನ್ನಡದಲ್ಲಿ ಅತಿ ಹೆಚ್ಚು ಜನರ ಕೈಸೇರುವ ಸಾಹಿತ್ಯ ಸಂಕಲನ ಯಾವುದೆಂದು ಕೇಳಿದರೆ ವಾಚಕರು ಬಹುಶಃ ಯಾವುದಾದರೊಂದು ಪ್ರಸಿದ್ಧ ಕಥಾಸಂಗ್ರಹವನ್ನೋ ಭಾವಗೀತೆಗಳ ಪುಸ್ತಕವನ್ನೋ ಹೆಸರಿಸಿಯಾರು. ನನ್ನ ಉತ್ತರ ಬೇರೆ. ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡ ಪಠ್ಯಪುಸ್ತಕಕ್ಕೆ ಸಮನಾದ ಸಂಕಲನ ನಮ್ಮಲ್ಲಿ ಇನ್ನೊಂದಿಲ್ಲ. ವರ್ಷಕ್ಕೆ ಎಂಟು ಲಕ್ಷಕ್ಕೂ ಮೀರಿದ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುತ್ತಾರೆ. ಅವರಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡವರೆಲ್ಲರೂ ಪಂಪ, ರನ್ನ, ಕುಮಾರವ್ಯಾಸರನ್ನು ಕಾಣುವುದು ಈ ಪುಸ್ತಕದಲ್ಲಿ. ಎಷ್ಟೋ ಮಂದಿ ಕಡೆಯ ಸಲ ಕಾಣುವುದೂ ಇದರಲ್ಲೇ. ಐನೂರು ಪ್ರತಿ ಅಚ್ಚಾಗುವ ಕವನಸಂಕಲನಕ್ಕೆ ನಾವು ವಿಮರ್ಶೆ ಬರೆಯುತ್ತೇವೆ, ಬಿಡುಗಡೆಯ ಸಮಾರಂಭದಲ್ಲಿ ಹಾರ ಹಾಕುತ್ತೇವೆ. ಈ ಪುಸ್ತಕವನ್ನು ಮಾತ್ರ ಪುಸ್ತಕವೆಂದು ತಿಳಿದು ಯಾರೂ ವಿಮರ್ಶಿಸಿದ ಹಾಗೆ ಕಾಣುವುದಿಲ್ಲ. ಅದಕ್ಕೆ ಸಿಕ್ಕ ವಿಮರ್ಶೆಯೆಲ್ಲ ಜಗಳದ ರೂಪದಲ್ಲಿ ಸಿಕ್ಕಿದೆ.

ಜಗಳದ ಕಥೆ ಎಲ್ಲರಿಗೂ ಸ್ಥೂಲವಾಗಿ ಗೊತ್ತಿರುವುದೇ. ಶ್ರೀ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಶಾಲೆಗಳಿಗೆ ಬಂದವು. ಸರ್ಕಾರ ಬದಲಾಯಿತು. 2020ರಲ್ಲಿ ಶ್ರೀ ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಅದು ಪರಿಷ್ಕರಿಸಿದ ಪುಸ್ತಕಗಳು 2022ರಲ್ಲಿ ಹೊರಬಂದಾಗ ನಾಡಿನ ತುಂಬ ಗದ್ದಲವೆದ್ದಿತು. ಹತ್ತನೆಯ ತರಗತಿಯ ಕನ್ನಡ ಪುಸ್ತಕದಿಂದ ಸಾರಾ ಅಬೂಬಕ್ಕರ್ ಅವರ ‘ಯುದ್ಧ’, ಎ. ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’, ಪಿ. ಲಂಕೇಶರ ‘ಮೃಗ ಮತ್ತು ಸುಂದರಿ’, ಶಿವಕೋಟ್ಯಾಚಾರ್ಯನ ‘ಸುಕುಮಾರಸ್ವಾಮಿಯ ಕಥೆ’ ಹೊರಗೆ ಹೋದವು, ಕೆ. ಬಿ. ಹೆಡಗೇವಾರ್ ಅವರ ಭಾಷಣವೊಂದು, ಶತಾವಧಾನಿ ಗಣೇಶರ ಮತ್ತು ಚಕ್ರವರ್ತಿ ಸೂಲಿಬೆಲೆಯವರ ಗದ್ಯಗಳು ಒಳಗೆ ಬಂದವು. ಆ ವರ್ಷದ ಜೂನ್ ತಿಂಗಳಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸಮಿತಿಯನ್ನು ವಿಸರ್ಜಿಸಿದರು, ಪುಸ್ತಕ ಉಳಿಯಿತು. ಮರುವರ್ಷ ಮತ್ತೆ ಸರ್ಕಾರ ಬದಲಾಯಿತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸಂಪುಟದ ತೀರ್ಮಾನದಂತೆ ಹೆಡಗೇವಾರರ ಪಾಠ ಹೊರಗೆ ಹೋಗಿ ಶಿವಕೋಟ್ಯಾಚಾರ್ಯ ಹಿಂದಿರುಗಿದ, ‘ಯುದ್ಧ’ವೂ ಹಿಂದಿರುಗಿತು. ಶಾಲೆ ಶುರುವಾಗಿ ಪುಸ್ತಕ ಹಂಚಿಕೆಯಾದ ಮೇಲೆ ಬಂದ ತೀರ್ಮಾನವಾದ್ದರಿಂದ ಪುಸ್ತಕ ಅದೇ ಇದ್ದು ಬದಲಾವಣೆ ಮಾತ್ರ ಒಂದು ಪೂರಕ ಪುಸ್ತಿಕೆಯಾಗಿ ಬಂದಿತು. ಸಾರಾ ಅಬೂಬಕ್ಕರ್ ಅವರು ಅದನ್ನು ನೋಡಲಿಲ್ಲ. ಅವರು ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು.

ಆರು ವರ್ಷಗಳಲ್ಲಿ ಒಂದೇ ತರಗತಿಯ ಒಂದೇ ಪುಸ್ತಕ ಮೂರು ರೂಪ ತಾಳಿತು. ಇದರಲ್ಲಿ ಯಾರ ಪಕ್ಷ ಸರಿ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಇಚ್ಛೆ ನನಗಿಲ್ಲ. ಅದಕ್ಕಿಂತ ಮೊದಲು ಪುಸ್ತಕವನ್ನು ಪುಸ್ತಕವಾಗಿ ಒಮ್ಮೆ ತೆರೆದು ನೋಡೋಣ.

2017ರ ಸಂಕಲನ ಒಟ್ಟಿನಲ್ಲಿ ಒಳ್ಳೆಯ ಸಂಕಲನ. ಅದರ ಪದ್ಯಭಾಗವನ್ನು ಆಯ್ದವರಿಗೆ ಒಂದು ದೃಷ್ಟಿಯಿತ್ತೆಂದು ಕಾಣುತ್ತದೆ. ಪಂಪನಿಂದ ಆಯ್ದಿರುವುದು ದ್ರೋಣ ದ್ರುಪದರ ಪ್ರಸಂಗ: ಒಂದೇ ಗುರುಕುಲದಲ್ಲಿ ಓದಿದ ಇಬ್ಬರು ಗೆಳೆಯರು, ಒಬ್ಬ ರಾಜನಾಗಿದ್ದಾನೆ, ಇನ್ನೊಬ್ಬ ಬಡತನದಲ್ಲಿ ಅವನ ಬಾಗಿಲಿಗೆ ಬಂದಿದ್ದಾನೆ, ರಾಜನಿಗೆ ಹಳೆಯ ಗೆಳೆಯನ ಗುರುತೇ ಹತ್ತುವುದಿಲ್ಲ. ರನ್ನನಿಂದ ಆಯ್ದಿರುವುದು ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನ ಛಲ. ಕುಮಾರವ್ಯಾಸನಿಂದ, ಕೃಷ್ಣ ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭ. ಹುಟ್ಟಿನಿಂದ ದೊರೆಯಬಹುದಾದ ಸಿಂಹಾಸನವೊಂದು ಕಡೆ, ಉಪ್ಪಿನ ಋಣವೊಂದು ಕಡೆ. ಮೂರೂ ಅವಮಾನವನ್ನೂ ಆತ್ಮಗೌರವವನ್ನೂ ಕುರಿತ ಕಾವ್ಯಭಾಗಗಳು. ಹದಿನೈದು ಹದಿನಾರರ ವಯಸ್ಸಿನ ಹುಡುಗ ಹುಡುಗಿಯರ ಮನಸ್ಸಿಗೆ ಇವಕ್ಕಿಂತ ಹತ್ತಿರದ ವಿಷಯ ಬೇರೆ ಯಾವುದಿದ್ದೀತು? ಜೊತೆಗೆ ಹಲಗಲಿ ಬೇಡರ ಲಾವಣಿ, ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪನವರು. ಹಳಗನ್ನಡದ ಗದ್ಯಕ್ಕೆ ಶಿವಕೋಟ್ಯಾಚಾರ್ಯ, ದುರ್ಗಸಿಂಹ. ಹೊಸಗನ್ನಡದ ಗದ್ಯದಲ್ಲಿ ಗೋಕಾಕರ ಲಂಡನ್ನು, ಪು.ತಿ.ನ. ಅವರ ಶಬರಿ, ಮೂರ್ತಿರಾಯರ ಹಾಸ್ಯ, ದೇವನೂರ ಮಹಾದೇವರ ಚಿಂತನೆ.

ಕೊರತೆಯಿಲ್ಲದೆ ಇಲ್ಲ. ನಾಲ್ವಡಿ ಕೃಷ್ಣರಾಜರನ್ನೂ ವಿಶ್ವೇಶ್ವರಯ್ಯನವರನ್ನೂ ಕುರಿತ ‘ಭಾಗ್ಯಶಿಲ್ಪಿಗಳು’ ಎಂಬ ಗದ್ಯ ಸಮಾಜವಿಜ್ಞಾನದ ಪುಸ್ತಕದಿಂದ ದಾರಿತಪ್ಪಿ ಬಂದ ಅತಿಥಿಯಂತಿದೆ. ಇಸವಿಗಳು, ಸಂಸ್ಥೆಗಳು, ಸಾಧನೆಗಳು. ಮಹನೀಯರ ಮೇಲಣ ಗೌರವಕ್ಕೂ ಗದ್ಯದ ಸೊಗಸಿಗೂ ಸಂಬಂಧವಿಲ್ಲವೆಂಬುದಕ್ಕೆ ಇಂಥ ಪಾಠಗಳು ನಮ್ಮ ಎಲ್ಲ ಕಾಲದ ಪಠ್ಯಪುಸ್ತಕಗಳಲ್ಲೂ ಸಾಕ್ಷಿ ನುಡಿಯುತ್ತ ಬಂದಿವೆ.

2022ರ ಸಮಿತಿ ತೆಗೆದುಹಾಕಿದ್ದರಲ್ಲಿ ನನಗೆ ತುಂಬ ಖೇದವೆನಿಸಿದ್ದು ‘ವ್ಯಾಘ್ರಗೀತೆ’ಯ ವಿಷಯ. ಮಿಕ್ಕವುಗಳ ಪರವಾಗಿ ಅನೇಕರು ಮಾತನಾಡಿದರು. ಇದು ಹಗುರ ಪ್ರಬಂಧವೆಂದೋ ಏನೋ, ಇದರ ಪರವಾಗಿ ದೊಡ್ಡ ದನಿ ಏಳಲಿಲ್ಲ. ಶಾನುಭೋಗರ ಬೆನ್ನುಹತ್ತಿದ ಹುಲಿಯೊಂದು, ತಾನು ಧರ್ಮಭೂಮಿಯ ಹುಲಿಯಾದ್ದರಿಂದ ಹಿಂದಿನಿಂದ ಮೇಲೆರಗುವುದು ತಗದೆಂದು ಅವರು ಎದುರು ತಿರುಗುವುದನ್ನೇ ಕಾಯುತ್ತದೆ. ಇದರಲ್ಲಿ ಯಾರನ್ನೂ ಚುಚ್ಚುವ ಉದ್ದೇಶವಿಲ್ಲ. ನಮ್ಮ ದೊಡ್ಡ ಮಾತುಗಳನ್ನು ನೋಡಿ ನಾವೇ ನಗಲು ಕಲಿಸುವ ಬರಹ ಇಡೀ ಪುಸ್ತಕದಲ್ಲಿ ಇದೊಂದೇ ಇತ್ತು. ನಗೆಯನ್ನು ತೆಗೆದು ಉಪದೇಶವನ್ನು ತಂದದ್ದು ರಾಜಕೀಯದ ಮಾತು ಹಾಗಿರಲಿ, ಅಭಿರುಚಿಯ ದೃಷ್ಟಿಯಿಂದಲೇ ನಷ್ಟದ ವ್ಯಾಪಾರ.

ಹೆಡಗೇವಾರರ ಭಾಷಣದ ಬಗ್ಗೆ ಸರ್ಕಾರದವರು ಕೊಟ್ಟ ಸಮರ್ಥನೆಯೆಂದರೆ, ಅದರಲ್ಲಿ ಸಂಘಟನೆಯ ಹೆಸರಿಲ್ಲ, ಆದರ್ಶವೆಂದರೇನು ಎಂಬ ವಿಚಾರ ಮಾತ್ರ ಇದೆ, ಎಂಬುದು. ಒಪ್ಪೋಣ. ಆದರೆ ಸಾಹಿತ್ಯದ ಪುಸ್ತಕಕ್ಕೆ ಒಂದು ಗದ್ಯವನ್ನು ಆಯ್ದಾಗ ಕೇಳಬೇಕಾದ ಪ್ರಶ್ನೆ ಅದರಲ್ಲಿ ಏನಿಲ್ಲ ಎಂಬುದಲ್ಲವಷ್ಟೆ. ಏನಿದೆ? ಕನ್ನಡ ಗದ್ಯದ ಯಾವ ಶಕ್ತಿ, ಯಾವ ನುಡಿಗಟ್ಟು ಆ ಅನುವಾದದಿಂದ ವಿದ್ಯಾರ್ಥಿಗೆ ದಕ್ಕುತ್ತದೆ? ಈ ಪ್ರಶ್ನೆಗೆ ಸಮಿತಿಯ ಕಡೆಯಿಂದ ಉತ್ತರ ಬಂದದ್ದು ನಾನು ಕೇಳಲಿಲ್ಲ. ‘ಯುದ್ಧ’ವನ್ನು ತೆಗೆದದ್ದಂತೂ ಯಾವ ರೀತಿಯಿಂದ ನೋಡಿದರೂ ತಪ್ಪು. ಯುದ್ಧದ ನಡುವೆ ಗಡಿಯಾಚೆ ಬಿದ್ದ ವೈದ್ಯನೊಬ್ಬ, ಅವನಿಗೆ ಆಶ್ರಯಕೊಟ್ಟ ಮುದುಕಿ, ಆ ಮನೆಯಲ್ಲಿ ಹೆರಿಗೆಯ ನೋವಿನಲ್ಲಿರುವ ಹೆಂಗಸು: ಇಷ್ಟರಲ್ಲೇ ಕಥೆ ಶತ್ರು ಎಂಬ ಮಾತಿನ ಅರ್ಥವನ್ನು ಸಡಿಲಿಸಿಬಿಡುತ್ತದೆ. ಕಾಸರಗೋಡಿನಲ್ಲಿ ಹುಟ್ಟಿ, ಮನೆಮಾತು ಕನ್ನಡವಲ್ಲದ ಕುಟುಂಬದಿಂದ ಬಂದು, ಕನ್ನಡದಲ್ಲೇ ಬರೆದ ಲೇಖಕಿಯ ಕಥೆ ಅದು. ಗಡಿಯನ್ನು ಕುರಿತು ಬರೆಯಲು ಅವರಿಗಿದ್ದ ಅಧಿಕಾರ ನಮ್ಮಲ್ಲಿ ಎಷ್ಟು ಮಂದಿಗಿದೆ?

ಆ ವರ್ಷದ ಮೇ ತಿಂಗಳಿನಲ್ಲಿ ಶ್ರೀ ದೇವನೂರ ಮಹಾದೇವರು ತಮ್ಮ ‘ಎದೆಗೆ ಬಿದ್ದ ಅಕ್ಷರ’ದ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಬಹಿರಂಗ ಪತ್ರ ಬರೆದು ಹಿಂತೆಗೆದುಕೊಂಡರು, ಶ್ರೀ ಜಿ. ರಾಮಕೃಷ್ಣರು ಮತ್ತಿತರರು ಅದೇ ದಾರಿ ಹಿಡಿದರು. ಸಾಮಾನ್ಯವಾಗಿ ನಮ್ಮ ಲೇಖಕರು ಪಠ್ಯವಾಗುವುದಕ್ಕೆ ಹಂಬಲಿಸುತ್ತಾರೆ, ಅದಕ್ಕಾಗಿ ನಡೆಯುವ ಓಡಾಟವೂ ಗುಟ್ಟಿನದೇನಲ್ಲ. ಪಠ್ಯವಾಗುವುದು ಬೇಡವೆಂದು ಬರೆದ ಪತ್ರ ಅದಕ್ಕಾಗಿಯೇ ತೂಕದ್ದು. ಆ ಪಾಠದಲ್ಲಿ ಮನೆಮಂಚಮ್ಮನೆಂಬ ಗ್ರಾಮದೇವತೆಯ ಕಥೆಯಿದೆ. ಊರವರು ಆಕೆಗೆ ಗುಡಿ ಕಟ್ಟುತ್ತಿರುವಾಗ ದೇವಿ ಮೈಮೇಲೆ ಬಂದು, ಊರಿನಲ್ಲಿ ಎಲ್ಲರಿಗೂ ಮನೆಯಿದೆಯೇ ಎಂದು ಕೇಳುತ್ತಾಳೆ. ಇಲ್ಲವೆಂದಾಗ, ಹಾಗಾದರೆ ನನಗೂ ಬೇಡವೆನ್ನುತ್ತಾಳೆ. ಗುಡಿಗೆ ಚಾವಣಿಯೇ ಇಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶದ ಹಿಂದೆ, ಲಗ್ಗೆರೆ ಹೆಗ್ಗನಹಳ್ಳಿಗಳ ಸಾಲುಮನೆಗಳಲ್ಲಿ, ಶೀಟಿನ ಕೆಳಗೆ ಕುಳಿತು ಆ ಪಾಠವನ್ನು ಓದುವ ಮಗುವಿಗೆ ಟಿಪ್ಪಣಿ ಬೇಕೇ?

ಬೇಕಾಗಿದೆ. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ನಾನು ಕನ್ನಡ ಹೇಳಿಕೊಡುವ ಕಾಲೇಜಿಗೆ ಪೀಣ್ಯ, ದಾಸರಹಳ್ಳಿಗಳ ಕಡೆಯಿಂದ ಬರುವ ಮಕ್ಕಳೇ ಹೆಚ್ಚು. ಲೇತು ಮಿಷನ್ನಿನ ಮುಂದೆ ನಿಂತವರ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು. ರಾಯಚೂರು, ಯಾದಗಿರಿಗಳಿಂದ ಬಂದು ನೆಲೆಸಿದವರು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು. ಜಗಳದ ಆ ಮೂರು ಪುಸ್ತಕಗಳಲ್ಲಿ ಒಂದಲ್ಲ ಒಂದನ್ನು ಓದಿ ಬಂದವರು ಇವರು. ಮೊದಲ ವಾರಗಳಲ್ಲಿ ಹಿಂದೆ ಓದಿದ ಪಾಠಗಳ ಬಗ್ಗೆ ಮಾತಿಗೆಳೆಯುವುದು ನನ್ನ ಅಭ್ಯಾಸ. ಕಳೆದ ಸಾಲಿನಲ್ಲಿ ಚುರುಕಾದ ಒಬ್ಬ ಹುಡುಗಿಯನ್ನು ‘ಯುದ್ಧ’ದ ಬಗ್ಗೆ ನಿನಗೇನೆನ್ನಿಸಿತಮ್ಮಾ ಎಂದು ಕೇಳಿದೆ. ಆಕೆ ಎದ್ದು ನಿಂತು ತಡವರಿಸದೆ, ‘ಆಯ್ಕೆ’ ಎಂದು ಶುರುಮಾಡಿ ಲೇಖಕಿಯ ಹೆಸರು, ಕೃತಿಯ ಹೆಸರು ಹೇಳಿ, ‘ಸಂದರ್ಭ’ ಎಂದು ಎರಡು ವಾಕ್ಯ ಹೇಳಿ, ‘ಸ್ವಾರಸ್ಯ’ ಎಂದು ನಿಲ್ಲಿಸಿ, ಯುದ್ಧದ ಭೀಕರತೆ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ ಎಂದು ಮುಗಿಸಿದಳು. ನಾನು ಕೇಳಿದ್ದು ಅವಳಿಗೇನೆನ್ನಿಸಿತೆಂದು. ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲವೆಂದಲ್ಲ. ಒಂದು ಕಥೆಯ ಬಗ್ಗೆ ಅಂಥ ಪ್ರಶ್ನೆ ಇರಬಹುದೆಂದೇ ಯಾರೂ ಅವಳಿಗೆ ಹೇಳಿರಲಿಲ್ಲ.

ಪತ್ರಿಕೆ ಓದುವ ಹಿರಿಯರಿಗೆ ಈ ವಿಧಿ ನೆನಪಿರಬಹುದು, ಇಲ್ಲವೇ ಮರೆತಿರಬಹುದು. ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 25 ಶಾಲೆಯೊಳಗಿನ ಮೌಲ್ಯಮಾಪನಕ್ಕೆ, ಉಳಿದ 100 ಲಿಖಿತ ಪರೀಕ್ಷೆಗೆ. ಪಾಠದಿಂದ ಒಂದು ವಾಕ್ಯವನ್ನು ಎತ್ತಿ ಕೊಟ್ಟು ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ ಎನ್ನುವುದಕ್ಕೆ ಮೂರು ಅಂಕ. ಕವಿಯ ಕಾಲ, ಸ್ಥಳ, ಕೃತಿ, ಪ್ರಶಸ್ತಿಗಳನ್ನು ಬರೆಯುವುದಕ್ಕೂ ಮೂರು ಅಂಕ. ಕಂಠಪಾಠಕ್ಕೆ ಇಷ್ಟು, ಪ್ರಸ್ತಾರ ಹಾಕಿ ಗಣ ವಿಭಾಗಿಸುವುದಕ್ಕೆ ಇಷ್ಟು, ಅಲಂಕಾರಕ್ಕೆ ಇಷ್ಟು. ಯಾವ ಪಾಠಕ್ಕೆ ಎಷ್ಟು ಅಂಕವೆಂಬ ನೀಲನಕ್ಷೆ ಮೊದಲೇ ಉಪಾಧ್ಯಾಯರ ಕೈಸೇರುತ್ತದೆ. ಹಿಂದುಳಿದ ಮಕ್ಕಳಿಗೆಂದು ‘ಪಾಸಿಂಗ್ ಪ್ಯಾಕೇಜ್’ ಎಂಬುದೊಂದುಂಟು: ಇಷ್ಟು ಕವಿಪರಿಚಯ, ಇಷ್ಟು ಗಾದೆ, ಒಂದು ಪತ್ರ, ಒಂದು ಪದ್ಯದ ಕಂಠಪಾಠ, ಇವಿಷ್ಟಾದರೆ ದಡ ಸೇರಬಹುದು. ಉಪಾಧ್ಯಾಯರನ್ನು ಇದಕ್ಕಾಗಿ ಹಳಿಯುವುದು ಸುಲಭ, ಅನ್ಯಾಯ ಕೂಡ. ಶಾಲೆಯ ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟೀಸು ಬರುವುದು ಅವರ ಹೆಸರಿಗೇ.

ಸ್ವಾರಸ್ಯವೆಂಬ ಪದ ನಮ್ಮ ಕಾವ್ಯಮೀಮಾಂಸೆಯ ನೆರೆಹೊರೆಯಲ್ಲಿ ಬೆಳೆದದ್ದು. ಸ್ವ-ರಸ, ಓದುವವನು ತಾನೇ ಸವಿಯಬೇಕಾದದ್ದು, ಇನ್ನೊಬ್ಬರು ಸವಿದು ಹೇಳಲಾರದ್ದು. ಆ ಪದವನ್ನು ತಂದು ಗೈಡಿನಿಂದ ನಕಲು ಮಾಡಬೇಕಾದ ಮೂರನೆಯ ಉಪಶೀರ್ಷಿಕೆಯನ್ನಾಗಿ ಮಾಡಿದ್ದೇವೆ. ಈ ಬಾಗಿಲಿನಿಂದ ಹಾದುಹೋಗುವಾಗ ಎಲ್ಲ ಪಾಠಗಳೂ ಒಂದೇ ಆಕಾರ ತಾಳುತ್ತವೆ. ಶಿವಕೋಟ್ಯಾಚಾರ್ಯನ ವಾಕ್ಯಕ್ಕೂ ಆಯ್ಕೆ, ಸಂದರ್ಭ, ಸ್ವಾರಸ್ಯ. 2022ರಲ್ಲಿ ಅವನ ಜಾಗದಲ್ಲಿ ಬಂದಿದ್ದ ಭಾಷಣದ ವಾಕ್ಯಕ್ಕೂ ಆಯ್ಕೆ, ಸಂದರ್ಭ, ಸ್ವಾರಸ್ಯ. ಎಡದವರು ಆಯ್ದ ಪಾಠ ವಿದ್ಯಾರ್ಥಿಯನ್ನು ವಿಚಾರವಂತನನ್ನಾಗಿಸೀತೆಂದು ಒಂದು ಪಕ್ಷ ನಂಬಿದೆ, ಬಲದವರು ಆಯ್ದದ್ದು ದೇಶಭಕ್ತನನ್ನಾಗಿಸೀತೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ಪಾಠವನ್ನು ಯಾರೋ ಓದುತ್ತಿದ್ದಾರೆಂಬ ಭರವಸೆಯಲ್ಲಿ ಬಡಿದಾಡುತ್ತಿವೆ.

ಹಾಗೆಂದು ಯಾವ ಪಾಠವಿದ್ದರೂ ಒಂದೇ ಎಂಬ ಉದಾಸೀನದ ಮಾತನ್ನು ನಾನು ಆಡುತ್ತಿಲ್ಲ. ಒಳ್ಳೆಯ ಉಪಾಧ್ಯಾಯರೊಬ್ಬರು ಒಂದು ಮಧ್ಯಾಹ್ನ ನೀಲನಕ್ಷೆಯನ್ನು ಮರೆತು ಪಾಠ ಮಾಡಿಬಿಟ್ಟರೆ, ಆಗ ಪುಸ್ತಕದಲ್ಲಿ ‘ಯುದ್ಧ’ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಜಗಳ ಮಾಡಿದವರ ಶ್ರಮ ಅಂಥ ಮಧ್ಯಾಹ್ನಗಳಿಗಾಗಿ ಸಾರ್ಥಕ. ಅವು ಎಷ್ಟಿವೆ ಎಂಬುದಷ್ಟೇ ಪ್ರಶ್ನೆ.

ಮಾಧ್ಯಮಿಕ ಶಿಕ್ಷಣವನ್ನು ಪರೀಕ್ಷೆಯೇ ಆಳುತ್ತಿದೆ, ಅದರ ಹಿಡಿತ ಸಡಿಲವಾಗಬೇಕು ಎಂದು ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಆಯೋಗ ಹೇಳಿದ್ದು 1953ರಲ್ಲಿ. ನಮ್ಮ ರಾಜ್ಯದಲ್ಲಿ ಆಮೇಲೆ ಬಂದ ದೊಡ್ಡ ಚಳವಳಿಯೂ ಪ್ರೌಢಶಾಲೆಯ ಕನ್ನಡದ ಸುತ್ತಲೇ ಎದ್ದಿತು. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕವಿರಬೇಕು ಎಂದಿತು. ವರದಿಯ ಜಾರಿಗಾಗಿ ಸಾಹಿತಿಗಳು ಬೀದಿಗಿಳಿದರು, 1982ರಲ್ಲಿ ಡಾ. ರಾಜಕುಮಾರ್ ಅವರು ಮುಂದೆ ನಿಂತ ಮೇಲೆ ಅದು ಜನಸಾಗರವಾಯಿತು. ಅಂದಿನ ಸನ್ನಿವೇಶದಲ್ಲಿ ಆ ಬೇಡಿಕೆ ನ್ಯಾಯವಾದದ್ದೇ: ಕನ್ನಡದ ಗಂಧವಿಲ್ಲದೆ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಹೆಚ್ಚು ಅಂಕ ಗಿಟ್ಟಿಸಿಕೊಳ್ಳಬಹುದಾಗಿತ್ತು. ಆದರೆ ಆ ಮಹಾ ಚಳವಳಿಯ ಕೇಂದ್ರದಲ್ಲೂ ಇದ್ದದ್ದು ಅಂಕ. ಎಷ್ಟು ಅಂಕದ ಕನ್ನಡ ಎಂದು ಕೇಳಿದೆವು. ಯಾವ ಬಗೆಯ ಓದಿಗೆ ಆ ಅಂಕ ಎಂದು ಕೇಳಲಿಲ್ಲ. ಗೋಕಾಕರಾದರೋ ಸ್ವತಃ ದೊಡ್ಡ ಅಧ್ಯಾಪಕರು, ಪಶ್ಚಿಮದ ಸಾಹಿತ್ಯವನ್ನೆಲ್ಲ ಅರಗಿಸಿಕೊಂಡವರು. ಇಂದು ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅವರು ಮೂರು ಅಂಕದ ಕವಿಪರಿಚಯ. ಹುಟ್ಟಿದ ಊರು ಸವಣೂರು, ಕಾವ್ಯನಾಮ ವಿನಾಯಕ, ಜ್ಞಾನಪೀಠ ಬಂದಿದೆ, ಮುಂದಿನ ಪ್ರಶ್ನೆ.

ಈಚಿನ ವರ್ಷಗಳ ಸುಧಾರಣೆಗಳನ್ನು ನೋಡಿದರೂ ಮಾತೆಲ್ಲ ಸಂಖ್ಯೆಯ ಮೇಲೆಯೇ. 2023ರಲ್ಲಿ ಶೇಕಡ 83.89 ಇದ್ದ ಎಸ್.ಎಸ್.ಎಲ್.ಸಿ. ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ 2024ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. 2025ರ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನೇ ಶೇಕಡ 35ರಿಂದ 33ಕ್ಕೆ ಇಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಗೆರೆ ಇಳಿದದ್ದರಿಂದ ಒಂದಷ್ಟು ಮಕ್ಕಳು ಶಾಲೆ ಬಿಡದೆ ಮುಂದೆ ಓದುವುದಾದರೆ ಸಂತೋಷ. ಅದಕ್ಕೂ ಮೊದಲು, 2025ರ ಆಗಸ್ಟಿನಲ್ಲಿ, ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಸಲ್ಲಿಸಿ, ದ್ವಿಭಾಷಾ ನೀತಿಯನ್ನೂ, ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ಶಿಫಾರಸು ಮಾಡಿದೆ. ಭಾಷೆಗಳು ಮೂರೋ ಎರಡೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯಿತು. ಇರುವ ಒಂದು ಭಾಷೆಯ ತರಗತಿಯೊಳಗೆ ಏನು ನಡೆಯುತ್ತದೆಂಬುದು ಆ ಚರ್ಚೆಯಲ್ಲಿಯೂ ಬದಿಗೆ ಸರಿಯಿತು.

ಇನ್ನೊಂದು ಮಾತನ್ನು ಹೇಳಬೇಕು. ಕೆಲವು ವಾಚಕರಿಗೆ ಕಹಿಯೆನಿಸಿದರೆ ಮನ್ನಿಸಬೇಕು. 2022ರ ವಿವಾದದ ಬಗ್ಗೆ ಎರಡೂ ಕಡೆಯಿಂದ ಕಾವೇರಿ ಮಾತನಾಡಿದ ನಗರವಾಸಿಗಳಲ್ಲಿ ಎಷ್ಟು ಮಂದಿಯ ಮಕ್ಕಳು ಆ ಪುಸ್ತಕವನ್ನು ಓದುವವರು? ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಿನಲ್ಲಿ ಕೇಂದ್ರ ಪಠ್ಯಕ್ರಮದ ಶಾಲೆಗಳು ಒಂದರ ಪಕ್ಕ ಒಂದು ಎದ್ದಿವೆ. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯಿಂದಾಗಿ ಅಲ್ಲಿಯೂ ಕನ್ನಡ ಕಲಿಸಲೇಬೇಕು. ಆದರೆ ಅದು ಅಕ್ಷರ, ಪದ, ಸರಳ ವಾಕ್ಯಗಳ ಕನ್ನಡ. ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ಹೊಲದ ಮೇಲೆ ಎದ್ದ ಗಾಜಿನ ಕಟ್ಟಡಗಳಿಗೆ ನಾಳೆ ಇಂಜಿನಿಯರಾಗಿ ಹೋಗುವ ಹುಡುಗ ಪಂಪನ ದ್ರುಪದನನ್ನು ಓದಿರುವುದಿಲ್ಲ. ಅದೇ ಕಟ್ಟಡದ ಬಾಗಿಲಲ್ಲಿ ಸಮವಸ್ತ್ರ ಧರಿಸಿ ನಿಂತು ಅವನ ಗುರುತುಚೀಟಿ ಪರೀಕ್ಷಿಸುವ ಹುಡುಗ ಅದನ್ನು ಓದಿರುತ್ತಾನೆ, ಮೂರು ಅಂಕಕ್ಕಾಗಿ. ಸಾಹಿತ್ಯದ ಕನ್ನಡ ಒಂದು ವರ್ಗದ ಮಕ್ಕಳಿಗೆ, ವ್ಯವಹಾರದ ಕನ್ನಡ ಇನ್ನೊಂದು ವರ್ಗದ ಮಕ್ಕಳಿಗೆ ಎಂಬ ಈ ಹಂಚಿಕೆಯನ್ನು ಯಾವ ಸಮಿತಿಯೂ ಮಾಡಲಿಲ್ಲ, ಯಾವ ಸರ್ಕಾರವೂ ರದ್ದುಪಡಿಸಲಿಲ್ಲ. ಪಠ್ಯಪುಸ್ತಕದ ರಾಜಕೀಯ ಎಂದರೆ ನನಗೆ ಮೊದಲು ತೋರುವುದು ಇದೇ.

ಪ್ರಶ್ನೆಪತ್ರಿಕೆಯನ್ನು ಬದಲಿಸುವುದು ಅಸಾಧ್ಯದ ಕೆಲಸವಲ್ಲ. ದ್ರುಪದನ ಕಡೆಯಿಂದ ದ್ರೋಣನಿಗೆ ಒಂದು ಪತ್ರ ಬರೆ ಎನ್ನಬಹುದು. ಕರ್ಣನ ಜಾಗದಲ್ಲಿ ನೀನಿದ್ದರೆ ಕೃಷ್ಣನನ್ನು ನಂಬುತ್ತಿದ್ದೆಯಾ, ಕಾರಣ ಕೊಡು, ಎನ್ನಬಹುದು. ಸುಕುಮಾರಸ್ವಾಮಿಯ ತಾಯಿ ಮಗ ಸನ್ಯಾಸಿಯಾದಾನೆಂದು ಅಂಜಿ ಮನೆಯೊಳಗೆ ಸುಖದಲ್ಲಿ ಬಚ್ಚಿಟ್ಟಳಲ್ಲ, ಅದು ಪ್ರೀತಿಯೇ ಎಂದು ಕೇಳಬಹುದು. ಇವಕ್ಕೆ ಗೈಡಿನಲ್ಲಿ ಉತ್ತರ ಸಿಕ್ಕುವುದಿಲ್ಲ. ಎರಡು ವರ್ಷದಲ್ಲಿ ಸಿಕ್ಕಲೂಬಹುದು, ಆಗ ಪ್ರಶ್ನೆಯನ್ನು ಬದಲಿಸಬೇಕಾಗುತ್ತದೆ. ಮೌಲ್ಯಮಾಪಕರಿಗೆ ಕಷ್ಟ, ಏಕರೂಪತೆ ಸಾಧ್ಯವಿಲ್ಲ, ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದಬೇಕು ಎಂಬ ಆಕ್ಷೇಪಣೆಗಳು ನಿಜ. ಅದಕ್ಕಾಗಿ ನೂರರಲ್ಲಿ ಇಪ್ಪತ್ತು ಅಂಕದಿಂದ ಶುರುಮಾಡಲಿ. ಶಾಲೆಯೊಳಗಿನ 25 ಅಂಕ ಹೇಗೂ ಇವೆಯಲ್ಲ. ಹೆಚ್ಚಿನ ಕಡೆ ಎಲ್ಲರಿಗೂ ತುಂಬಿಕೊಡುವ ಅಂಕ ಅದು. ಮಗು ತಾನಾಗಿ ಆಯ್ದು ಓದಿದ ಒಂದು ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತನಾಡುವುದಕ್ಕೆ ಅದನ್ನು ಮೀಸಲಿಟ್ಟರೆ ಖಜಾನೆಗೇನೂ ಹೊರೆಯಿಲ್ಲ. ಪ್ರೌಢಶಾಲೆಗಳ ಗ್ರಂಥಾಲಯದ ಬೀರುವಿನ ಬೀಗವನ್ನು ತೆಗೆಯಬೇಕಾದೀತು, ಅಷ್ಟೆ.

ಪರಿಷ್ಕರಣಾ ಸಮಿತಿಗಳ ಅಧ್ಯಕ್ಷರ, ಸದಸ್ಯರ ಹೆಸರುಗಳು ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾಗುತ್ತವೆ. ಅವರ ವಿದ್ಯಾರ್ಹತೆ, ಒಲವು, ಹಿಂದೆ ಆಡಿದ ಮಾತುಗಳೆಲ್ಲ ಪತ್ರಿಕೆಗಳಲ್ಲಿ ಚರ್ಚೆಗೆ ಬರುತ್ತವೆ, ಬರಬೇಕಾದ್ದೂ ಹೌದು. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ಯಾರು ತಯಾರಿಸಿದರು, ಕವಿಪರಿಚಯಕ್ಕೆ ಮೂರು ಅಂಕವೆಂದು ಯಾರು ಎಂದು ಗೊತ್ತುಮಾಡಿದರು, ಸರ್ಕಾರ ಎರಡು ಸಲ ಬದಲಾದಾಗಲೂ ಅದು ಯಾಕೆ ಬದಲಾಗಲಿಲ್ಲ ಎಂದು ಪರೀಕ್ಷಾ ಮಂಡಳಿಯನ್ನು ಕೇಳಿ ಬರೆದ ಒಂದು ಬಹಿರಂಗ ಪತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ.